ಮೀನಿನ ಕರುಳೂ ಟ್ರಸ್ಟುಗಳ ಧನವೂ

ವಿದ್ಯಾರ್ಥಿವೇತನ ಕೇಳಿ ಜೀವವಿಜ್ಞಾನದವರು ಅರ್ಜಿ ಹಾಕಿದಾಗ ನಮ್ಮ ಟ್ರಸ್ಟುಗಳಲ್ಲಿ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ‘ಸೂಕ್ಷ್ಮಜೀವಿ’ ಎಂಬ ಶಬ್ದ ಕಂಡರೆ, ಇವನ್ನು ಮೊದಲು ಕಂಡವರು ನಮ್ಮ ಆಚಾರ್ಯರೇ ಎಂದು ಬೀಗುತ್ತೇವೆ. ‘ಮೀನು’ ಎಂಬ ಶಬ್ದ ಕಂಡರೆ ಅರ್ಜಿಯನ್ನು ಮಡಚಿಡುತ್ತೇವೆ. ಮೀನಿನ ದೇಹದಲ್ಲಿ ವಾಸಿಸುವ ಸೂಕ್ಷ್ಮಜೀವಿಗಳ ಬಗೆಗೇ ಡಾಕ್ಟರೇಟ್ ನಂತರದ ಸಂಶೋಧನೆ ನಡೆಯುತ್ತಿರುವ ಈ ಕಾಲದಲ್ಲಿ ಎರಡೂ ಉತ್ತರಗಳು ಸಾಲವು.

ವಿಷಯವೇನೋ ನಮ್ಮ ಸೀಮೆಗೆ ಹೊರಗಿನದಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕೆರೆಗಳು ಬರಗಾಲದಲ್ಲಿ ಬತ್ತಿ, ನೀರು ಗುಂಡಿಗಳಲ್ಲಷ್ಟೇ ಉಳಿದಾಗ, ಆ ಬಿಸಿಯಾದ ಉಸಿರುಗಟ್ಟಿಸುವ ಕೆಸರಿನಲ್ಲೂ ಕೆಲವು ಮೀನುಗಳು ಬದುಕಿರುತ್ತವೆ. ಕೊರವ ಮೀನು ಮೇಲೆ ಬಂದು ಗಾಳಿಯನ್ನೇ ಉಸಿರಾಡುತ್ತದೆ. ಮುಳ್ಳಿನಿಂದ ಕುಟುಕುವ ಚೇಳು ಮೀನು ತನ್ನ ದೇಹದ ವಿಷಕಾರಿ ಅಮೋನಿಯಾವನ್ನು ಯೂರಿಯಾ ಆಗಿ ಮಾರ್ಪಡಿಸಬಲ್ಲುದೆಂದು ಸಾಹಾ ಮತ್ತು ರಥಾ ಎಂಬ ಭಾರತೀಯ ವಿಜ್ಞಾನಿಗಳು 1980ರ ದಶಕದಲ್ಲೇ ತೋರಿಸಿದರು. ಕೆನ್ಯಾದ ಮಾಗಡಿ ಸರೋವರದ (ನಮ್ಮ ಮಾಗಡಿಯಲ್ಲ!) ನೀರಿನ ಪಿ.ಎಚ್. 10ರ ಸಮೀಪವಿದೆ, ಅಂಥ ಕ್ಷಾರದಲ್ಲಿ ಬಾಳುವ ಪುಟ್ಟ ಮೀನು ತನ್ನ ಸಾರಜನಕದ ಕಶ್ಮಲವನ್ನು ಯೂರಿಯಾ ರೂಪದಲ್ಲೇ ಹೊರಹಾಕುತ್ತದೆಂಬುದು 1989ರಲ್ಲಿ ಪ್ರಕಟವಾಯಿತು. ಇಂಥ ಸಾಮರ್ಥ್ಯ ಮೀನಿನ ದೇಹಕ್ಕೆ ಮಾತ್ರ ಸೇರಿದ್ದೋ, ಅದರೊಳಗಿನ ಸಹವಾಸಿಗಳದೂ ಪಾಲಿದೆಯೋ ಎಂಬುದು ಇಂದಿನ ಪ್ರಶ್ನೆ. ನಮ್ಮ ಕೆರೆಗಳಿಗೂ ಬಿಡುವ ಸಾಮಾನ್ಯ ಗೆಂಡೆಯ ಕಿವಿರಿನಲ್ಲಿ ಅಮೋನಿಯಾವನ್ನು ನಿವಾರಿಸಬಲ್ಲ ಬ್ಯಾಕ್ಟೀರಿಯಾಗಳಿರುವುದನ್ನು ನೆದರ್ಲೆಂಡ್ಸಿನ ಸಂಶೋಧಕರು 2016ರಲ್ಲಿ ವರದಿ ಮಾಡಿದರು. ಜೀವಗಳ ಪರಸ್ಪರೋಪಕಾರವನ್ನು ಕುರಿತು ಪ್ರವಚನ ಮಾಡುವ ನಾವು ಇದನ್ನು ಅರಿಯಬೇಡವೆ?

ಅರಿಯಬೇಕು. ಆದರೆ ಇದೇ ನಿಗೋದವೆಂದು ಹೇಳಿ ಚಪ್ಪಾಳೆ ಗಿಟ್ಟಿಸುವ ಉಪನ್ಯಾಸಕರನ್ನು ಒಪ್ಪಲಾಗದು. ಒಂದೇ ಸಾಧಾರಣ ಶರೀರದಲ್ಲಿ ಅನಂತ ಜೀವಗಳು ಒಡನೆ ಹುಟ್ಟಿ ಒಡನೆ ಅಳಿಯುವ ಸ್ಥಿತಿಗೆ ನಿಗೋದವೆಂದು ಹೆಸರು. ಬ್ಯಾಕ್ಟೀರಿಯಾ ಒಂದೊಂದಕ್ಕೂ ತನ್ನದೇ ಕೋಶವುಂಟು. ಹೋಲಿಕೆಯನ್ನು ಪ್ರಮಾಣವೆಂದು ಮಾರಿದರೆ ಶಾಸ್ತ್ರಕ್ಕೂ ವಿಜ್ಞಾನಕ್ಕೂ ನಷ್ಟವೇ.

ಇನ್ನು ಹಿಂಸೆಯ ಮಾತು. ಕರುಳಿನ ಸೂಕ್ಷ್ಮಜೀವಿಗಳನ್ನು ಪರೀಕ್ಷಿಸಲು ಸಾಮಾನ್ಯವಾಗಿ ಮೀನನ್ನು ಕೊಂದು ಕರುಳನ್ನು ಬಿಡಿಸುತ್ತಾರೆ. ಸಂಶೋಧನೆಯೂ ಒಂದು ವೃತ್ತಿ, ಆದುದರಿಂದ ಇದು ಶ್ರಾವಕನಿಗೆ ಅನಿವಾರ್ಯವಾದ ಉದ್ಯೋಗೀ ಹಿಂಸೆ ಎಂದು ವಾದಿಸುವ ವಿದ್ಯಾವಂತರು ನಮ್ಮಲ್ಲಿದ್ದಾರೆ. ಈ ವಾದ ನಿಲ್ಲದು. ಕೊಬ್ಬರಿಯ ಗೋದಾಮಿನಲ್ಲಿ ಚೀಲ ಎತ್ತುವಾಗ ಹುಳು ಸತ್ತರೆ ಅದು ಉದ್ಯೋಗೀ ಹಿಂಸೆ. ಕರುಳು ಬೇಕೆಂದೇ ಒಂದು ಪಂಚೇಂದ್ರಿಯ ಜೀವವನ್ನು ಆರಿಸಿ ಕೊಲ್ಲುವುದು ಸಂಕಲ್ಪೀ ಹಿಂಸೆ. ಮೀನಿಗೆ ನೋವಿಲ್ಲವೆಂಬ ಹಳೆಯ ನೆಪವೂ ಉಳಿದಿಲ್ಲ. ನೋವನ್ನು ಗ್ರಹಿಸುವ ನರಗಳನ್ನು ಟ್ರೌಟ್ ಮೀನಿನಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು 2003ರಲ್ಲೇ ತೋರಿಸಿದ್ದಾರೆ. ಕೃತ, ಕಾರಿತ, ಅನುಮೋದಿತ ಮೂರನ್ನೂ ಒಂದೇ ಖಾತೆಗೆ ಬರೆಯುವ ಧರ್ಮದಲ್ಲಿ ಹಣ ಕೊಟ್ಟವರು ಪಾಲುದಾರರಲ್ಲವೆಂದು ಹೇಳಲು ಯಾವ ಲೆಕ್ಕಿಗನಿಗೂ ಸಾಧ್ಯವಿಲ್ಲ.

ಹಾಗೆಂದು ಅರ್ಜಿಯನ್ನು ಮಡಚಿಟ್ಟರೆ ನಾವು ಶುದ್ಧರಾದೆವೆ? ವಿದ್ಯಾರ್ಥಿ ಬೇರೆಡೆ ಹಣ ಪಡೆಯುತ್ತಾನೆ, ಮೀನು ಸಾಯುತ್ತದೆ, ನಾವು ಅದನ್ನು ನೋಡಲಿಲ್ಲ, ಅಷ್ಟೆ. ಜೀವಂತ ಮೀನಿನ ಮೈಯ ಲೋಳೆಯನ್ನು ಹತ್ತಿಯಿಂದ ಒರೆಸಿ, ಮಲವನ್ನು ಸಂಗ್ರಹಿಸಿ, ಮತ್ತೆ ನೀರಿಗೆ ಬಿಟ್ಟು ನಡೆಸುವ ಅಧ್ಯಯನಗಳಿವೆ. ಮಲದಲ್ಲಿ ಕಾಣುವ ಸಮುದಾಯವೂ ಕರುಳಿನ ಭಿತ್ತಿಗೆ ಅಂಟಿಕೊಂಡ ಸಮುದಾಯವೂ ಒಂದೇ ಅಲ್ಲವೆಂದು ವಿಜ್ಞಾನಿಗಳು ಆಕ್ಷೇಪಿಸುತ್ತಾರೆ, ಆಕ್ಷೇಪ ನಿಜ. ಆದರೆ ಎಲ್ಲ ಪ್ರಶ್ನೆಗಳಿಗೂ ಭಿತ್ತಿಯೇ ಬೇಕೆಂದಿಲ್ಲ. ಬೇಕಾದ ಪ್ರಶ್ನೆಗೆ ನಮ್ಮ ಧನ ಬೇಡ, ಬೇಡವಾದ ಪ್ರಶ್ನೆಗೆ ಧಾರಾಳವಾಗಿ ಕೊಡೋಣ. ಸಾಧ್ಯವಿರುವಲ್ಲೆಲ್ಲ ಪ್ರಾಣಿಪ್ರಯೋಗವನ್ನು ತಪ್ಪಿಸಬೇಕೆಂಬುದು ಪ್ರಾಣಿಹಿಂಸಾ ನಿವಾರಣೆಯ 1960ರ ಕಾಯಿದೆಯ ಆಶಯವೇ ಆಗಿದೆ. ಸಂಸ್ಥೆಯ ನೀತಿಸಮಿತಿಯ ಅನುಮತಿಪತ್ರದ ಜೊತೆಗೆ, ಎಷ್ಟು ಮೀನು, ಯಾವ ವಿಧಾನ, ಕೊಲ್ಲದೆ ಏಕಾಗದು ಎಂಬುದಕ್ಕೆ ಒಂದು ಪುಟದ ಉತ್ತರವನ್ನು ಟ್ರಸ್ಟಿಗಳು ಕೇಳಿದರೆ ಅದು ಅಧಿಕಪ್ರಸಂಗವಾಗದು.

ಅದನ್ನು ಕೇಳುವ ಮುನ್ನ ಟ್ರಸ್ಟಿಗಳು ತಮ್ಮ ಬಸದಿಯ ಕೊಳಕ್ಕೆ ಒಮ್ಮೆ ಬೆಳಗಿನ ಜಾವ ಹೋಗಿಬರಲಿ. ಪಂಚಾಮೃತಾಭಿಷೇಕದ ಹಾಲು, ತುಪ್ಪ, ಸಕ್ಕರೆಯ ನೀರು ಕೊಳಕ್ಕೇ ಹರಿಯುವ ಕಡೆ ಬ್ಯಾಕ್ಟೀರಿಯಾಗಳು ಅದನ್ನು ಕೊಳೆಸುತ್ತ ನೀರಿನ ಆಮ್ಲಜನಕವನ್ನೆಲ್ಲ ಬಳಸುತ್ತವೆ. ರಾತ್ರಿಯಿಡೀ ಜಲಸಸ್ಯಗಳೂ ಆಮ್ಲಜನಕವನ್ನು ಕೊಡದೆ ಉಸಿರಾಡುವುದರಿಂದ ಸೂರ್ಯೋದಯಕ್ಕೆ ಮೊದಲು ಅದು ತೀರ ಕಡಿಮೆಯಿರುತ್ತದೆ. ಮೀನುಗಳು ಬಾಯ್ದೆರೆದು ಮೇಲೆ ತೇಲುತ್ತವೆ. ಅಲ್ಲಿ ಯಾವ ಸಂಶೋಧಕನೂ ಇಲ್ಲ, ಚಾಕುವೂ ಇಲ್ಲ. ಅಭಿಷೇಕದ ನೀರಿನ ಮೋರಿಯನ್ನು ಕೊಳದಿಂದ ತಪ್ಪಿಸಿ ಪಕ್ಕದ ತೆಂಗಿನ ತೋಟಕ್ಕೆ ತಿರುಗಿಸಲು ಎರಡಾಳಿನ ಒಂದು ದಿನದ ಕೂಲಿ ಸಾಕು.