ಹಿತ್ತಿಲ ಈಜುಕೊಳವೂ ನೆರೆಯವರ ಹಕ್ಕೂ

ಸ್ವಂತ ನಿವೇಶನದಲ್ಲಿ ಸ್ವಂತ ಹಣದಿಂದ ಗುಂಡಿ ತೋಡಿ ನೀರು ತುಂಬಿಸುವುದಕ್ಕೆ ಅನ್ಯರನ್ನು ಕೇಳತಕ್ಕದ್ದೇನು ಎಂಬ ಪ್ರಶ್ನೆಯನ್ನು ಈಚೆಗೆ ಕೆಲವರು ಗೃಹಸ್ಥರು ನಮ್ಮೊಡನೆ ಎತ್ತಿರುವರು. ಹಿಂದೆ ಬಾವಿಯಿದ್ದ ಹಿತ್ತಿಲುಗಳಲ್ಲಿ ಈಗ ಈಜುಕೊಳಗಳು ಕಾಣಿಸಿಕೊಳ್ಳುತ್ತಿರುವುದರಿಂದ ಈ ವಿಷಯವನ್ನು ವಿಚಾರಿಸುವುದು ಯುಕ್ತವೆಂದು ತೋರಿತು. ಕೊಳವು ಬೇಕೇ ಬೇಡವೇ ಎಂಬ ಚರ್ಚೆಗೆ ನಾವು ಹೋಗುವುದಿಲ್ಲ; ಮಕ್ಕಳು ಈಜು ಕಲಿಯುವುದು ಒಳ್ಳೆಯದೇ ಸರಿ.

ಎಲ್ಲೆಗೂ ಕಟ್ಟಡಕ್ಕೂ ನಡುವೆ ಬಿಡತಕ್ಕ ತೆರಪನ್ನು ಈಗಿನವರು ಸೆಟ್‌ಬ್ಯಾಕ್ ಎನ್ನುವರು. ಇದು ನವೀನರು ತಂದ ತೊಡಕೆಂದು ಭಾವಿಸಲಾಗದು. ರುದ್ರಪಟ್ಟಣದ ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಶೋಧಿಸಿ 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮನೆಮನೆಗಳ ನಡುವಣ ಅಂತರವೂ, ನೀರು ಹರಿಯುವ ಮಾರ್ಗದ ಅಳತೆಯೂ, ಆ ಅಳತೆಯನ್ನು ಮೀರಿದವನಿಗೆ 54 ಪಣಗಳ ದಂಡವೂ ಹೇಳಲ್ಪಟ್ಟಿವೆ. ಮನೆಯೊಡೆಯರೆಲ್ಲರೂ ಕೂಡಿ ಒಪ್ಪಿದರೆ ಬೇರೆ ರೀತಿಯಲ್ಲಿ ಕಟ್ಟಿಕೊಳ್ಳಬಹುದೆಂದು ಆತನು ಅನುಮತಿಯನ್ನೂ ಕೊಟ್ಟಿರುವನು. ಇಂದಿನ ಪುರಸಭೆಗಳು ಅಷ್ಟು ಉದಾರವಲ್ಲ. ನೆರೆಯವರು ತಲೆಯಾಡಿಸಿದ ಮಾತ್ರಕ್ಕೆ ತೆರಪು ಕಡಿಮೆಯಾಗದು. ನೆಲದ ಮೇಲೆ ಗೋಡೆ ಏಳದುದರಿಂದ ಕೊಳವು ಕಟ್ಟಡವೇ ಅಲ್ಲವೆಂದು ಮೇಸ್ತ್ರಿಗಳು ಹೇಳುವುದುಂಟು. ಆ ನ್ಯಾಯವನ್ನು ನಂಬದೆ, ಕೊಳವನ್ನು ನಕ್ಷೆಯಲ್ಲಿ ಕಾಣಿಸಿ ಮಂಜೂರು ಮಾಡಿಸಿಕೊಳ್ಳತಕ್ಕದ್ದು. ಅಳತೆಯನ್ನು ನೀರಿನ ಅಂಚಿನಿಂದ ಹಿಡಿಯದೆ ಅಗೆತದ ಹೊರ ಅಂಚಿನಿಂದ ಹಿಡಿಯುವುದು ಕ್ಷೇಮ. ಗೋಡೆಯ ದಪ್ಪವೂ ಸುತ್ತಣ ಹಾಸುಗಲ್ಲೂ ಎರಡು ಮೂರು ಅಡಿಗಳನ್ನು ಸದ್ದಿಲ್ಲದೆ ನುಂಗುವುವು.

ತೆರಪಿನ ಮಾತು ಇಷ್ಟು ಸಾಕು. ಇದಕ್ಕಿಂತ ಗಹನವಾದುದು ಅನುಭೋಗದ ಹಕ್ಕು. ಕಚೇರಿಯವರು ಇದನ್ನೇ ಈಸ್‌ಮೆಂಟ್ ಎನ್ನುವರು. ಒಬ್ಬನ ಭೂಮಿಯ ಮೇಲೆ ಮತ್ತೊಬ್ಬನ ಭೂಮಿಗೆ ಸಲ್ಲುವ ದಾರಿ, ಬೆಳಕು, ನೀರಿನ ಹರಿವು ಮುಂತಾದ ಹಕ್ಕುಗಳು ಇವು. 1882ರ ಭಾರತೀಯ ಶಾಸನದ ಪ್ರಕಾರ, ಇಂತಹ ಅನುಭವವು ಬಹಿರಂಗವಾಗಿ, ಶಾಂತವಾಗಿ, ಹಕ್ಕೆಂಬ ಭಾವನೆಯಿಂದ, ತಡೆಯಿಲ್ಲದೆ 20 ವರ್ಷ ನಡೆದುಬಂದರೆ ಅದು ಸ್ಥಿರವಾಗುವುದು. ಭೂಮಿಯು ಕೈ ಬದಲಾಯಿಸಿದರೂ ಹಕ್ಕು ಭೂಮಿಯನ್ನೇ ಹಿಂಬಾಲಿಸುವುದು.

ನಮ್ಮಲ್ಲಿ ಓದಿದ ಒಬ್ಬ ಗೃಹಸ್ಥರು ಕೊಳದ ನಕ್ಷೆಯನ್ನು ತಂದು ತೋರಿಸಿದರು. ಹಿಂದಣ ಮನೆಯ ಬಚ್ಚಲ ಕೊಳವೆಯು ಅವರ ಹಿತ್ತಿಲಿನಡಿಯಲ್ಲಿ 30 ವರ್ಷಗಳಿಂದ ಹರಿಯುತ್ತಿದ್ದಿತು. ಅದರ ಮುಚ್ಚಳವು ಮೇಲೆಯೇ ಎಲ್ಲರ ಕಣ್ಣಿಗೂ ಬೀಳುವಂತೆ ಇದ್ದಿತು. ಕ್ರಯಪತ್ರದಲ್ಲಿ ಅದರ ಸುದ್ದಿಯಿಲ್ಲವಾದುದರಿಂದ ಒಡೆದು ಮುಚ್ಚಬಹುದೆಂದು ಕಂಟ್ರಾಕ್ಟರನ ಸಲಹೆ. ಹಿಂದಣ ಮನೆಯಲ್ಲಿ ಇದ್ದವರು ಒಬ್ಬ ವೃದ್ಧೆ. “ಅಪ್ಪಾ, ನೀರು ತಿರುಗಿ ನನ್ನ ಅಡಿಗೆಮನೆಗೇ ಬಂದರೆ ನಾನು ಎಲ್ಲಿಗೆ ಹೋಗಲಿ?” ಎಂದು ಆಕೆ ಕೇಳಿದರಂತೆ. ಪತ್ರದಲ್ಲಿ ಇಲ್ಲದ ಹಕ್ಕೂ ಅನುಭವದಿಂದ ಹುಟ್ಟಬಲ್ಲುದೆಂದು ನಾವು ವಿವರಿಸಿದೆವು. ಅಷ್ಟೇ ಅಲ್ಲ, ಕೊಳವೆಯನ್ನು ದುರಸ್ತಿ ಮಾಡುವುದಕ್ಕೆ ಪರರ ನೆಲವನ್ನು ಹೊಕ್ಕು ಅಗೆಯುವ ಹಕ್ಕೂ ಅದರೊಡನೆಯೇ ಬರುವುದು, ಅಗೆದ ನೆಲವನ್ನು ಮೊದಲಿನಂತೆ ಮಾಡಿಕೊಡಬೇಕೆಂಬುದೊಂದೇ ನಿಬಂಧನೆ. ಮೇಲೆ ಕೊಳವಿದ್ದರೆ ಅಗೆಯುವುದೆಂತು? ಕಡೆಗೆ ಕೊಳವನ್ನು ನಾಲ್ಕು ಅಡಿ ಕಿರಿದು ಮಾಡಿ, ಕೊಳವೆಯನ್ನು ತಮ್ಮ ಖರ್ಚಿನಲ್ಲಿಯೇ ಕಾಂಪೌಂಡಿನ ಪಕ್ಕಕ್ಕೆ ಸರಿಸಿ, ಆ ಒಪ್ಪಿಗೆಯನ್ನು ಬರೆದು ನೋಂದಾಯಿಸಿದರು. ಬಾಯಿಮಾತಿನ ಒಪ್ಪಿಗೆಯು ಆ ವೃದ್ಧೆಯ ಕಾಲಕ್ಕೆ ಸಾಕಾಗಿದ್ದೀತು. ಮನೆಯನ್ನು ನಾಳೆ ಕೊಳ್ಳುವವನು ಅದನ್ನು ಮನ್ನಿಸಬೇಕಲ್ಲ!

ಇನ್ನು ಆಧಾರದ ಹಕ್ಕು. ಪಕ್ಕದ ನೆಲವು ತನ್ನ ಸಹಜ ಸ್ಥಿತಿಯಲ್ಲಿ ನಮ್ಮ ನೆಲದಿಂದ ಪಡೆಯುವ ಆನಿಕೆಯನ್ನು ನಾವು ಅಗೆದು ಕೆಡಿಸಲಾಗದು. ಆ ನೆಲದ ಮೇಲೆ ಗೋಡೆಯಿದ್ದು, ಅದು 20 ವರ್ಷ ನಿರ್ಬಾಧವಾಗಿ ಆನಿಕೆಯನ್ನು ಪಡೆದಿದ್ದರೆ, ಗೋಡೆಗೂ ಆ ಹಕ್ಕು ಲಭಿಸಬಹುದು. ಹಳೆಯ ಮನೆಗಳ ತಳಪಾಯವು ಎಷ್ಟು ಮೇಲಕ್ಕಿರುವುದೆಂಬುದನ್ನು ಬಲ್ಲವರೇ ಬಲ್ಲರು. ಆರಡಿ ಆಳದ ಹಳ್ಳವು ಅದರ ಮಗ್ಗುಲಲ್ಲಿ ಬಾಯ್ದೆರೆದರೆ ಮಣ್ಣು ಜಾರಿ ಗೋಡೆ ಬಿರಿಯುವುದು ಆಶ್ಚರ್ಯವಲ್ಲ. ಅಗೆಯುವ ಮುನ್ನ ನೆರೆಯ ಗೋಡೆಯ ಛಾಯಾಚಿತ್ರವನ್ನು ದಿನಾಂಕಸಹಿತ ತೆಗೆಯಿಸಿಡುವುದು ಉಭಯತರಿಗೂ ಹಿತ.

ಕೊಳದೊಳಗಣ ನೀರಿನ ಭಾರವನ್ನೂ ಎಣಿಸೋಣ. 20 ಅಡಿ ಉದ್ದ, 10 ಅಡಿ ಅಗಲ, 4 ಅಡಿ ಆಳದ ಚಿಕ್ಕ ಕೊಳವೂ ಸುಮಾರು 22,600 ಲೀಟರು ಹಿಡಿಯುವುದು. ತೂಕದಲ್ಲಿ ಅದು 22 ಟನ್ನುಗಳಿಗೂ ಮಿಕ್ಕುದು. ಇಂಗ್ಲೆಂಡಿನಲ್ಲಿ ರೈಲೆಂಡ್ಸ್ ಎಂಬ ಗಿರಣಿಯೊಡೆಯನು ಕಟ್ಟಿಸಿದ ಜಲಾಶಯದ ನೀರು ನೆಲದೊಳಗಣ ಹಳೆಯ ಸುರಂಗಗಳ ಮೂಲಕ ನೆರೆಯ ಫ್ಲೆಚರನ ಗಣಿಗೆ ನುಗ್ಗಿತು. ರೈಲೆಂಡ್ಸನ ಸ್ವಂತ ಅಜಾಗರೂಕತೆ ಸಿದ್ಧವಾಗದಿದ್ದರೂ ನಷ್ಟವನ್ನು ಅವನೇ ತೆರತಕ್ಕದ್ದೆಂದು 1868ರಲ್ಲಿ ತೀರ್ಪಾಯಿತು. ನಮ್ಮ ದಕ್ಷಿಣದೇಶದ ಕೆರೆಗಳ ವಿಷಯದಲ್ಲಿ 1874ರಲ್ಲಿ ಪ್ರಿವಿ ಕೌನ್ಸಿಲು ಬೇರೆ ರೀತಿ ಹೇಳಿತು. ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಒಡೆದು ರೈಲುಹಾದಿಗೆ ಹಾನಿಯಾಗಿದ್ದಿತು. ಪ್ರಜೆಗಳ ಜೀವನಕ್ಕಾಗಿ ಪರಂಪರೆಯಿಂದ ಕಾಪಾಡಿಬಂದ ಕೆರೆಗಳಾದುದರಿಂದ ಅಜಾಗರೂಕತೆಯಿಲ್ಲದೆ ಹೊಣೆಯಿಲ್ಲವೆಂದು ನಿರ್ಣಯಿಸಿತು. ಒಬ್ಬರ ವಿನೋದಕ್ಕಾಗಿ ತೋಡಿದ ಹಿತ್ತಿಲ ಕೊಳಕ್ಕೆ ಈ ಆಶ್ರಯವು ದೊರಕುವುದು ದುರ್ಲಭವೆಂದು ನಮ್ಮ ಅಭಿಪ್ರಾಯ. ಆದಕಾರಣ ಕೊಳವನ್ನು ಬರಿದು ಮಾಡುವ ದಿನ ಆ 22,600 ಲೀಟರು ಯಾವ ಕೊಳವೆಯಿಂದ, ಯಾವ ಚರಂಡಿಗೆ, ಯಾರ ನೆಲವನ್ನು ದಾಟಿ ಹೋಗುವುದೆಂಬುದನ್ನೂ ನಕ್ಷೆಯಲ್ಲಿಯೇ ಬರೆಯಿಸತಕ್ಕದ್ದು.