ಮೈಲಿಗೆ ಇದ್ದದ್ದು ಅರಮನೆಯಲ್ಲಿ

ನಿನ್ನೆ ಆಫೀಸ್ ಮುಗಿಸಿ ಬಂದು ‘ಈಡಿಪಸ್ ರೆಕ್ಸ್’ ಒಪೆರಾದ ಚಿತ್ರ ನೋಡಿದೆ. ಸ್ಟ್ರಾವಿನ್‌ಸ್ಕಿ ಸಂಗೀತ, 1992ರಲ್ಲಿ ಜಪಾನಿನಲ್ಲಿ ಜೂಲಿ ಟೇಮರ್ ರಂಗಕ್ಕೆ ತಂದದ್ದು. ರಾಣಿಯಾಗಿ ಹಾಡಿದ್ದು ಅಮೆರಿಕದ ಕಪ್ಪು ಗಾಯಕಿ ಜೆಸ್ಸಿ ನಾರ್ಮನ್. ಹಾಡೆಲ್ಲ ಲ್ಯಾಟಿನ್, ನಂಗೆ ಒಂದಕ್ಷರ ಬರಲ್ಲ. ಆದ್ರೂ ನಿದ್ದೆ ಬರಲಿಲ್ಲ.

ಥೀಬ್ಸ್ ಊರಿಗೆ ಪಿಡುಗು ಬಂದಿದೆ. ಹಿಂದಿನ ರಾಜನನ್ನು ಕೊಂದವನು ಊರಲ್ಲೇ ಇದ್ದಾನೆ, ಆ ಮೈಲಿಗೆ ತೊಲಗಬೇಕು ಅಂತ ದೇವವಾಣಿ. ನಮ್ಮ ಕಡೆ ಆಗಿದ್ರೆ ಎಲ್ಲರ ಕಣ್ಣು ಮೊದಲು ಕೇರಿ ಕಡೆ ತಿರುಗ್ತಿತ್ತು. ಸೋಫೋಕ್ಲಿಸ್ ಕಥೆಯಲ್ಲಿ ಹುಡುಕಾಟ ಸಿಂಹಾಸನಕ್ಕೇ ಬಂದು ನಿಲ್ಲುತ್ತೆ. ಕೊಂದವನು ಈಗಿನ ರಾಜನೇ, ಸತ್ತವನು ಅವನ ತಂದೆ. ಕೊನೆಗೆ ಬಾಯಿಬಿಟ್ಟವನು ಹೆದರಿ ನಡುಗೋ ಒಬ್ಬ ಕುರಿಗಾಹಿ.

ಆದ್ರೆ ಆ ರಾಜ ತನಿಖೆಯನ್ನ ಅರ್ಧಕ್ಕೆ ನಿಲ್ಲಿಸಲಿಲ್ಲ. ನಮ್ಮಲ್ಲಿ ಮೈಲಿಗೆ ಹುಡುಕೋರು ಯಾವತ್ತಾದ್ರೂ ತಮ್ಮ ಮನೆಯಿಂದ ಶುರು ಮಾಡಿದ್ದುಂಟಾ?

ಜೈ ಭೀಮ್.