ಓಡದಿರುವುದೂ ತರಬೇತಿಯೇ

ಪರೀಕ್ಷೆಯ ಹಿಂದಿನ ವಾರ ನಿದ್ದೆಗೆಟ್ಟು ಓದುವುದೇ ಶ್ರದ್ಧೆಯ ಗುರುತು ಎಂದು ನಂಬಿ ಬೆಳೆದ ತಲೆಮಾರು ನಮ್ಮದು. ಎಸ್ಸೆಸ್ಸೆಲ್ಸಿಯಿಂದ ಎಂ.ಡಿ.ಯವರೆಗೆ ಪರೀಕ್ಷೆ ಹತ್ತಿರವಾದಷ್ಟೂ ನಮ್ಮ ಕೋಣೆಯ ದೀಪ ಹೆಚ್ಚು ಹೊತ್ತು ಉರಿಯುತ್ತಿತ್ತು. ಅಂಥ ನಮಗೆ, ಸ್ಪರ್ಧೆ ಸಮೀಪಿಸಿದಂತೆ ಅಭ್ಯಾಸವನ್ನು ಕಡಿಮೆ ಮಾಡುತ್ತಾ ಹೋಗಬೇಕು ಎಂಬ ಮಾತು ವಿಚಿತ್ರವಾಗಿ ಕೇಳಿಸುತ್ತದೆ. ಮ್ಯಾರಥಾನ್ ಓಟ ಕೇಳುವುದು ಅದನ್ನೇ. ಕೊನೆಯ ವಾರದಲ್ಲಿ ಓಟಗಾರನಿಗೆ ಅತ್ಯಂತ ಕಷ್ಟವಾದ ಕೆಲಸವೆಂದರೆ ಓಡದೆ ಇರುವುದು. ಪರದೇಶದಲ್ಲಿ ದುಡಿಯುತ್ತಿರುವ, ದುಡಿಯಲು ಹೊರಟು ನಿಂತಿರುವ ನಮ್ಮವರು ಈ ಒಂದು ವಾರದಿಂದ ಕಲಿಯಬೇಕಾದ ಪಾಠ ದೊಡ್ಡದಿದೆ ಎಂಬುದು ನನ್ನ ಅಭಿಪ್ರಾಯ.

ಬರುವ ಭಾನುವಾರ ಲಂಡನ್ ಮ್ಯಾರಥಾನ್. 1981ರಲ್ಲಿ ಆರಂಭವಾದ ಈ ಓಟ ಗ್ರೀನ್‌ವಿಚ್ ಬಳಿಯ ಬ್ಲ್ಯಾಕ್‌ಹೀತ್ ಬಯಲಿನ ಆಸುಪಾಸಿನಿಂದ ಹೊರಟು, ಕಟ್ಟಿ ಸಾರ್ಕ್ ಎಂಬ ಹಳೆಯ ಹಡಗನ್ನು ಬಳಸಿ, ಅರ್ಧ ದಾರಿಗೆ ಸ್ವಲ್ಪ ಮುನ್ನ ಟವರ್ ಬ್ರಿಡ್ಜ್ ದಾಟಿ, ಬಕಿಂಗ್‌ಹ್ಯಾಮ್ ಅರಮನೆಯ ಸಮೀಪ ದಿ ಮಾಲ್ ರಸ್ತೆಯಲ್ಲಿ ಮುಗಿಯುತ್ತದೆ. ಒಟ್ಟು 42.195 ಕಿಲೋಮೀಟರ್. ಈ ದೂರ ಮೊದಲು ಬಳಕೆಗೆ ಬಂದದ್ದೂ ಇದೇ ಲಂಡನ್ನಿನಲ್ಲಿ, 1908ರ ಒಲಿಂಪಿಕ್ಸ್‌ನಲ್ಲಿ. ಐವತ್ತು ದಾಟಿದ ವೈದ್ಯನಾದ ನಾನೂ ಈ ಸಲ ಓಡುವವರಲ್ಲಿ ಒಬ್ಬ. ಜನವರಿಯ ಕತ್ತಲು, ಫೆಬ್ರುವರಿಯ ಜಿಟಿಜಿಟಿ ಮಳೆ, ಮಾರ್ಚಿನ ಚಳಿಗಾಳಿ ಎಲ್ಲವನ್ನೂ ಕಾಲಿನಿಂದ ಅಳೆದು ಹದಿನಾರನೆಯ ವಾರಕ್ಕೆ ಬಂದಿದ್ದೇನೆ. ಅಭ್ಯಾಸ ತುತ್ತತುದಿಯಲ್ಲಿದ್ದಾಗ ವಾರಕ್ಕೆ 60 ಕಿಲೋಮೀಟರ್ ಓಡುತ್ತಿದ್ದೆ. ಈ ವಾರ ಓಟದ ದಿನವನ್ನು ಬಿಟ್ಟರೆ ಕೇವಲ 14.

ಇದಕ್ಕೆ ಟೇಪರಿಂಗ್ ಎನ್ನುತ್ತಾರೆ. ವೈದ್ಯರಿಗೆ ಈ ಪದ ಹೊಸದಲ್ಲ. ಬಹುದಿನ ಸ್ಟೀರಾಯ್ಡ್ ಮಾತ್ರೆ ನುಂಗಿದ ರೋಗಿಗೆ ಅದನ್ನು ಒಮ್ಮೆಲೇ ನಿಲ್ಲಿಸುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತೇವೆ. ಓಟದಲ್ಲಿಯೂ ಹಾಗೆಯೇ. ಎರಡು ಮೂರು ವಾರ ಮೊದಲೇ ದೂರವನ್ನು ಇಳಿಸುತ್ತಾ ಬರಬೇಕು, ವೇಗವನ್ನು ಮಾತ್ರ ಉಳಿಸಿಕೊಳ್ಳಬೇಕು. ಹಾಸಿಗೆ ಹಿಡಿದು ಮಲಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಕಾರಣ ಸರಳವಾದದ್ದು. ದೀರ್ಘ ಓಟ ದೇಹವನ್ನು ದಣಿಸುತ್ತದೆ, ಸ್ನಾಯುತಂತುಗಳಲ್ಲಿ ಸೂಕ್ಷ್ಮ ಗಾಯಗಳನ್ನು ಮಾಡುತ್ತದೆ. ಬಲ ಬರುವುದು ಆ ಗಾಯಗಳು ಮಾಯುವ ಹೊತ್ತಿನಲ್ಲಿ. ದುಡಿಮೆಯ ಫಲವನ್ನು ದೇಹ ಕೊಡುವುದು ವಿಶ್ರಾಂತಿಯ ವೇಳೆಯಲ್ಲಿ. ವಿಶ್ರಾಂತಿಯನ್ನೇ ಕೊಡದವನು ದುಡಿದದ್ದನ್ನು ಪಡೆಯದೆ ಹೋಗುತ್ತಾನೆ.

ನನ್ನ ಈ ವಾರದ ವೇಳಾಪಟ್ಟಿ ಹೀಗಿದೆ. ಸೋಮವಾರ ಪೂರ್ಣ ವಿಶ್ರಾಂತಿ. ಮಂಗಳವಾರ 6 ಕಿಲೋಮೀಟರ್, ಅದರಲ್ಲಿ ಎರಡು ಮಾತ್ರ ಭಾನುವಾರದ ವೇಗದಲ್ಲಿ. ಬುಧವಾರ ಅರ್ಧ ಗಂಟೆಯ ನಡಿಗೆ. ಗುರುವಾರ 5 ಕಿಲೋಮೀಟರ್, ಹಗುರವಾಗಿ. ಶುಕ್ರವಾರ ಲಂಡನ್ನಿನ ಎಕ್ಸೆಲ್ ಸಭಾಂಗಣಕ್ಕೆ ಹೋಗಿ ಎದೆಗೆ ಧರಿಸುವ ಸಂಖ್ಯೆ ಪಡೆಯುವುದು. ಶನಿವಾರ 3 ಕಿಲೋಮೀಟರ್, ಕಾಲು ಮರೆಯದಿರಲಿ ಎಂಬಷ್ಟಕ್ಕೆ. ಹೊಸ ಬೂಟು, ಹೊಸ ಕಾಲುಚೀಲ, ಹೊಸ ತಿಂಡಿ ಯಾವುದೂ ಈ ವಾರ ಬೇಡ. ಶನಿವಾರ ರಾತ್ರಿ ಆತಂಕದಿಂದ ಯಾರಿಗೂ ಸರಿಯಾಗಿ ನಿದ್ದೆ ಬಾರದು. ಆದ್ದರಿಂದ ಗುರುವಾರ, ಶುಕ್ರವಾರಗಳ ನಿದ್ದೆಯನ್ನು ಜತನದಿಂದ ಕಾಯ್ದುಕೊಳ್ಳಬೇಕು.

ಊರಿನ ಬಂಧುಗಳಿಗೆ ಅಚ್ಚರಿಯಾಗುವುದು ಊಟದ ವಿಷಯ. ‘ಡಾಕ್ಟರೇ ಅನ್ನ ಕಡಿಮೆ ಮಾಡು ಅಂತೀಯ, ನೀನೇ ಮೂರು ಹೊತ್ತೂ ಅನ್ನ ಉಣ್ಣುತ್ತೀಯಲ್ಲೋ’ ಎಂದು ಫೋನಿನಲ್ಲಿ ಅಮ್ಮ ಕೇಳಿದಳು. ಅವಳ ಆಕ್ಷೇಪ ನ್ಯಾಯವಾದದ್ದೇ. ಆದರೆ ಓಟದ ಹಿಂದಿನ ಎರಡು ದಿನ ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ಇಂಧನವನ್ನು ತುಂಬಿಕೊಳ್ಳಬೇಕು. ಅದಕ್ಕೆ ಕಾರ್ಬೊಹೈಡ್ರೇಟ್ ಬೇಕು. ಇಡ್ಲಿ, ಅವಲಕ್ಕಿ, ಅನ್ನ, ತಿಳಿಸಾರು, ಮೊಸರನ್ನ ಇವೆಲ್ಲ ನಮ್ಮ ಅಡುಗೆಮನೆಯಲ್ಲಿಯೇ ಇವೆ. ನಾರಿನಂಶ ಹೆಚ್ಚಿರುವ ಮುದ್ದೆಗೂ ಕಾಳುಪಲ್ಯಕ್ಕೂ ಆ ಎರಡು ದಿನ ರಜೆ. ದಾರಿಯಲ್ಲಿ ಹೊಟ್ಟೆ ಕೆಡಬಾರದಲ್ಲ. ಪ್ರತಿ ಗ್ರಾಂ ಗ್ಲೈಕೋಜನ್ ತನ್ನೊಂದಿಗೆ ಸುಮಾರು ಮೂರು ಗ್ರಾಂ ನೀರನ್ನೂ ಹಿಡಿದಿಡುವುದರಿಂದ ತೂಕ ಒಂದೆರಡು ಕಿಲೋ ಏರಿದರೂ ಗಾಬರಿಯಾಗಬೇಕಿಲ್ಲ. ಇದು ಓಡುವವರ ಎರಡು ದಿನಗಳ ಲೆಕ್ಕ. ಕುಳಿತಲ್ಲೇ ಕೆಲಸ ಮಾಡುವವರು ವರ್ಷವಿಡೀ ಅನ್ವಯಿಸಿಕೊಳ್ಳುವ ಲೆಕ್ಕವಲ್ಲ.

ವೈದ್ಯನಾಗಿ ಎರಡು ಎಚ್ಚರಿಕೆಗಳನ್ನು ಇಲ್ಲಿ ಸೇರಿಸಬೇಕು. ಮೊದಲನೆಯದು ನೀರು. ಬಾಯಾರಿಕೆಯನ್ನೂ ಮೀರಿ ನೀರು ಕುಡಿದರೆ ರಕ್ತದ ಸೋಡಿಯಂ ಅಪಾಯಕಾರಿಯಾಗಿ ಇಳಿಯಬಹುದು. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಮಂದಿಯಲ್ಲಿ ಸೋಡಿಯಂ ಕಡಿಮೆಯಿತ್ತು. ಅತಿಯಾದರೆ ಅಮೃತವೂ ವಿಷ ಎಂಬ ಗಾದೆಗೆ ನೀರೂ ಹೊರತಲ್ಲ. ಎರಡನೆಯದು ನೋವಿನ ಮಾತ್ರೆ. ಓಟಕ್ಕೆ ಮುನ್ನ ಐಬುಪ್ರೊಫೆನ್ ನುಂಗುವ ರೂಢಿ ಹಲವರಲ್ಲಿದೆ. ಬೆವರು ಸುರಿಸಿ ದಣಿದ ದೇಹದಲ್ಲಿ ಅದು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದು.

ಇನ್ನು ಮನಸ್ಸಿನ ಕಥೆ. ಓಟ ಕಡಿಮೆಯಾದ ಕೂಡಲೇ ಇಲ್ಲದ ನೋವುಗಳು ಹುಟ್ಟುತ್ತವೆ. ಮೊನ್ನೆ ಮೊಣಕಾಲು ಚುಚ್ಚಿತು, ನಿನ್ನೆ ಹಿಮ್ಮಡಿ, ಇಂದು ಗಂಟಲು ಕೆರೆತ. ಹದಿನಾರು ವಾರ ಪಟ್ಟ ಶ್ರಮ ಆರೇ ದಿನದಲ್ಲಿ ಸೋರಿಹೋಗುತ್ತಿದೆಯೇನೋ ಎಂಬ ಭಯ ಬೇರೆ. ‘ಇನ್ನೊಂದು ಸಲ ಉದ್ದನೆಯ ಓಟ ಓಡಿಬಿಡೋಣ’ ಎಂದು ಒಳಗಿನಿಂದ ಯಾರೋ ಪೀಡಿಸುತ್ತಾರೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು ಹಿರಿಯರು ಹಾಸ್ಯ ಮಾಡುತ್ತಿದ್ದುದು ಇದನ್ನೇ. ಕೊನೆಯ ವಾರದ ಓಟ ಭಾನುವಾರಕ್ಕೆ ಬಲವನ್ನು ಕೂಡಿಸಲಾರದು. ದಣಿವನ್ನು ಮಾತ್ರ ಕೂಡಿಸೀತು.

ಈ ವಾರದ ರಾತ್ರಿಪಾಳಿಯೊಂದನ್ನು ಬದಲಿಗೆ ವಹಿಸಿಕೊಳ್ಳುವಿರಾ ಎಂಬ ಕೋರಿಕೆ ಬಂದಾಗ ‘ಆಗುವುದಿಲ್ಲ’ ಎಂದೆ. ಪಕ್ಕದಲ್ಲಿದ್ದ ಕಿರಿಯ ವೈದ್ಯ, ಕರ್ನಾಟಕದಿಂದ ಬಂದು ವರ್ಷ ತುಂಬದ ಹುಡುಗ, ನಗುತ್ತಾ ಕೇಳಿದ: ‘ಸರ್, ಓಡದೆ ಇರೋದಕ್ಕೂ ಬಿಡುವು ಬೇಕಾ?’ ಅವನದು ತಮಾಷೆ. ಆದರೆ ಅವನು ಸತತವಾಗಿ ಹೆಚ್ಚುವರಿ ಪಾಳಿಗಳನ್ನು ಮಾಡುತ್ತಿದ್ದಾನೆ ಎಂಬುದು ನನಗೆ ಗೊತ್ತು. ಊರಿನಲ್ಲಿ ಸಾಲವಿದೆ, ತಂಗಿಯ ಮದುವೆಯಿದೆ. ಈ ದೇಶದಲ್ಲಿ 1998ರಿಂದ ಜಾರಿಯಲ್ಲಿರುವ ನಿಯಮದಂತೆ ಕೆಲಸದ ಮಿತಿ ಸರಾಸರಿ ವಾರಕ್ಕೆ 48 ಗಂಟೆ. ಎರಡು ದಿನಗಳ ದುಡಿಮೆಯ ನಡುವೆ 11 ಗಂಟೆಗಳ ಬಿಡುವು ಇರಬೇಕು. ವರ್ಷಕ್ಕೆ 5.6 ವಾರಗಳ ವೇತನಸಹಿತ ರಜೆ ಪ್ರತಿ ನೌಕರನ ಹಕ್ಕು. ಆದರೆ 48 ಗಂಟೆಯ ಮಿತಿ ತನಗೆ ಬೇಡವೆಂದು ನೌಕರನೇ ಸಹಿ ಮಾಡಿ ಬಿಟ್ಟುಕೊಡಬಹುದು. ಹೊಸದಾಗಿ ಬಂದ ನಮ್ಮ ಮಕ್ಕಳಲ್ಲಿ ಹಲವರು ಆ ಕಾಗದವನ್ನು ಓದದೆಯೇ ಸಹಿ ಹಾಕುತ್ತಾರೆ. ರಜೆಯನ್ನೋ, ಊರಿನ ಪ್ರವಾಸಕ್ಕೆಂದು ಕೂಡಿಡುತ್ತಾರೆ. ಬಂದ ಮೂರು ವಾರದಲ್ಲಿ ಹತ್ತು ಮನೆ, ಎರಡು ಮದುವೆ, ಒಂದು ಗೃಹಪ್ರವೇಶ ಮುಗಿಸಿ, ಹೋದಾಗಿಗಿಂತ ಹೆಚ್ಚು ದಣಿದು ವಿಮಾನ ಹತ್ತುತ್ತಾರೆ.

ಈ ದುಡಿಮೆಯನ್ನು ನಾವೆಲ್ಲ ಹೊಗಳುತ್ತೇವೆ. ಅದರ ಲೆಕ್ಕ ಚುಕ್ತಾ ಆಗುವುದನ್ನು ನಾನು ವಾರ್ಡಿನಲ್ಲಿ ಕಾಣುತ್ತೇನೆ. ದಕ್ಷಿಣ ಏಷ್ಯಾ ಮೂಲದವರಿಗೆ ಮಧುಮೇಹ, ಹೃದಯರೋಗಗಳು ಇಲ್ಲಿನ ಬಿಳಿಯರಿಗಿಂತ ಹೆಚ್ಚು. ಬರುವುದೂ ಎಳೆಯ ವಯಸ್ಸಿನಲ್ಲಿ, ಕಡಿಮೆ ತೂಕದಲ್ಲಿ. ಆದ್ದರಿಂದಲೇ ಬಿಎಂಐ ಇತರರಿಗೆ 25 ದಾಟಿದಾಗ ಕೊಡುವ ಎಚ್ಚರಿಕೆಯನ್ನು ನಮಗೆ 23ಕ್ಕೇ ಕೊಡುವುದು ಇಲ್ಲಿನ ವೈದ್ಯಕೀಯ ಪದ್ಧತಿ. ಇಂಥ ಮೈಯ ಮೇಲೆ ರಾತ್ರಿಪಾಳಿ, ನಿದ್ದೆಗೇಡು, ಹೊತ್ತಲ್ಲದ ಹೊತ್ತಿನ ಊಟಗಳನ್ನು ಹೇರಿದರೆ ಏನಾದೀತು? ನಲವತ್ತರ ಹರೆಯದ ಮಗನ ಎದೆನೋವಿನ ಸುದ್ದಿಯನ್ನು ಸಾವಿರಾರು ಮೈಲಿ ದೂರದ ತಾಯಿಗೆ ಫೋನಿನಲ್ಲಿ ತಿಳಿಸುವುದು ಎಷ್ಟು ಕಷ್ಟ ಎಂಬುದು ಆ ಕೆಲಸ ಮಾಡಿದವರಿಗೇ ಗೊತ್ತು.

ವಿಶ್ರಾಂತಿ ಉಳ್ಳವರ ಸೊಗಸು ಎಂದು ಕೆಲವರು ಹೇಳಬಹುದು. ಬಾಡಿಗೆ ಕಟ್ಟಬೇಕಾದ ಟ್ಯಾಕ್ಸಿ ಚಾಲಕನಿಗೆ, ಕೈಗಡ ತೀರಿಸಬೇಕಾದ ನರ್ಸ್‌ಗೆ ಟೇಪರಿಂಗ್ ಪಾಠ ಹೇಳುವುದು ಸುಲಭ ಎಂಬ ಆಕ್ಷೇಪದಲ್ಲಿ ಸತ್ಯವಿದೆ. ದುಡಿಮೆಯೇ ಇಲ್ಲದ ವಿಶ್ರಾಂತಿಗೆ ಅರ್ಥವಿಲ್ಲ ಎಂಬುದೂ ನಿಜ. ಹದಿನಾರು ವಾರ ಓಡದವನಿಗೆ ಕೊನೆಯ ವಾರದ ಇಳಿಕೆ ಏನನ್ನೂ ಕೊಡದು. ಆದರೆ ನಮ್ಮ ರೈತರು ಉಳ್ಳವರಾಗಿರಲಿಲ್ಲ. ದಾವಣಗೆರೆ ಸೀಮೆಯ ನಮ್ಮ ಅಜ್ಜ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಬಿತ್ತನೆಗೆ ಹದ ಬಂದಿರಲಿ, ಮೋಡ ಕವಿದಿರಲಿ, ಸೋಮವಾರ ಬಸವಣ್ಣನ ದಿನ. ಸಾಲವಿದ್ದ ವರ್ಷವೂ ಆ ನೇಮ ತಪ್ಪಲಿಲ್ಲ. ಎತ್ತು ಕುಸಿದರೆ ಸಾಲ ತೀರಿಸುವವರಾರು ಎಂಬ ವಿವೇಕ ಆ ಭಕ್ತಿಯೊಳಗೆ ಅಡಗಿತ್ತು. ಎತ್ತಿಗೆ ಸಲ್ಲಿಸಿದ ಆ ನ್ಯಾಯವನ್ನು ನಮ್ಮ ಮಕ್ಕಳ ಮೈಗೂ ಸಲ್ಲಿಸಬೇಡವೇ?

ಹೊರಡಲು ಸಿದ್ಧವಾಗಿರುವ ತರುಣ ತರುಣಿಯರಿಗೆ ನನ್ನದು ಮೂರು ಮಾತು. ಸಹಿ ಹಾಕುವ ಮುನ್ನ ಕೆಲಸದ ಒಪ್ಪಂದದಲ್ಲಿ ಗಂಟೆ, ರಜೆಗಳ ಭಾಗವನ್ನು ಓದಿ. ಬಂದ ಮೊದಲ ವರ್ಷವೇ ರಜೆಯಲ್ಲಿ ಒಂದು ವಾರವನ್ನು ಪ್ರವಾಸಕ್ಕಲ್ಲದೆ ನಿಮಗಾಗಿ ಇಟ್ಟುಕೊಳ್ಳಿ. ಮೂವತ್ತೈದು ದಾಟಿದವರು ಓಡಿದರೂ ಓಡದಿದ್ದರೂ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷಿಸಿಕೊಳ್ಳಿ. ಓಡುವಾಗ ಎದೆ ಹಿಡಿದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಿ.

ಊರಿನ ಬಂಧುಗಳಲ್ಲಿ ಒಂದು ವಿನಂತಿ ಇದೆ. ಫೋನಿನಲ್ಲಿ ‘ಕೆಲಸ ಹೇಗಿದೆ, ಸಂಬಳ ಹೆಚ್ಚಾಯಿತೇ’ ಎಂದು ವಿಚಾರಿಸುವುದು ಸಹಜ, ಅದರಲ್ಲಿ ತಪ್ಪಿಲ್ಲ. ಅದರ ಜೊತೆಗೆ ‘ಈ ವಾರ ನಿನಗೆ ಬಿಡುವು ಯಾವತ್ತು? ಅವತ್ತು ಏನು ಮಾಡುತ್ತೀ?’ ಎಂದೂ ಕೇಳಿ. ‘ಏನೂ ಮಾಡುವುದಿಲ್ಲಮ್ಮ, ಸುಮ್ಮನಿರುತ್ತೇನೆ’ ಎಂಬ ಉತ್ತರ ಬಂದರೆ ಮಗ ಸೋಮಾರಿಯಾದನೆಂದು ಕೊರಗಬೇಡಿ. ಅವನು ಬಹುದೂರ ಓಡುವ ಸಿದ್ಧತೆಯಲ್ಲಿದ್ದಾನೆ ಎಂದು ತಿಳಿಯಿರಿ.